ಕೇಳಿಸಿಕೊಳ್ಳಲು ಹೋದವರು

ಆ ಬುಧವಾರದ ಎಡವಟ್ಟಿಗೆಲ್ಲ ಮೂಲ ಸಂಪತ್ಕುಮಾರರ ಹಣೆಯ ಮೇಲಿದ್ದ ಶ್ರೀಚೂರ್ಣದ ಕೆಂಪು ಗೆರೆ. ದಿನವೂ ಅದನ್ನು ಒರೆಸಿಕೊಂಡೇ ಅವರು ಕಾಲೇಜಿಗೆ ಹೋಗುತ್ತಿದ್ದರು. ಐವತ್ತೆರಡರ ಮನುಷ್ಯ ಹತ್ತೊಂಬತ್ತರ ಮಕ್ಕಳ ನಡುವೆ ಬೆಂಚಿನಲ್ಲಿ ಕೂರುವುದೇ ಸಾಕಷ್ಟು ವಿಚಿತ್ರ. ಮೊದಲ ದಿನ ಅವರು ತರಗತಿಗೆ ಕಾಲಿಟ್ಟಾಗ ಮೂವತ್ತು ಜನ ಎದ್ದು ನಿಂತು ನಮಸ್ತೆ ಸಾರ್ ಎಂದಿದ್ದರು. ಅವರು ಸೀದಾ ಹೋಗಿ ಕೊನೆಯ ಬೆಂಚಿನಲ್ಲಿ ಕೂತ ಮೇಲೆ, ಪಾಪ, ತಾವು ಕೂರಬೇಕೋ ನಿಂತೇ ಇರಬೇಕೋ ಆ ಮಕ್ಕಳಿಗೆ ತಿಳಿದಿರಲಿಲ್ಲ. ಆದರೆ ಇವತ್ತು ಪರೀಕ್ಷೆಯಂಥ ದಿನ. ದೇವರು ಇನ್ನೂ ಸ್ವಲ್ಪ ಹೊತ್ತು ಜೊತೆಗಿರಲಿ ಎಂದು ಗೆರೆಯನ್ನು ಹಾಗೇ ಬಿಟ್ಟರು.

ಹೊಳೆನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದವರು ಅವರು. ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಹೆಂಡತಿ ರಂಜನಿ ಹಾಸನದ ಆಸ್ಪತ್ರೆಯೊಂದರಲ್ಲಿ ನಲವತ್ತು ದಿನ ಮಲಗಿದ್ದಳು. ಡಾಕ್ಟರು ಬರುತ್ತಿದ್ದರು, ಹೋಗುತ್ತಿದ್ದರು. ನಿಂತು ಮಾತಾಡಿಸಿದವಳೆಂದರೆ ಅಲ್ಲಿನ ಸಮಾಜ ಕಾರ್ಯಕರ್ತೆ ಒಬ್ಬಳೇ. ರಂಜನಿ ಹೋದ ಬೆಳಿಗ್ಗೆ ಆ ಹೆಣ್ಣುಮಗಳು ಇವರ ಪಕ್ಕ ಕಬ್ಬಿಣದ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದಳು. ಏನೂ ಹೇಳಲಿಲ್ಲ, ಗಡಿಯಾರ ನೋಡಲಿಲ್ಲ. ಆ ಒಂದು ಗಂಟೆ ಇಲ್ಲದಿದ್ದರೆ ತಾವು ಮನೆಗೆ ವಾಪಸು ಬರುತ್ತಿರಲಿಲ್ಲ ಎಂಬುದು ಸಂಪತ್ಕುಮಾರರಿಗೆ ಮಾತ್ರ ಗೊತ್ತಿತ್ತು. ಹಾಗೆ ಇನ್ನೊಬ್ಬರ ಪಕ್ಕ ಕೂರುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ, ಆ ಸಮಾಜಕಾರ್ಯದ ಪದವಿಗೆ ಬಿ.ಎಸ್.ಡಬ್ಲ್ಯೂ ಎಂದು ಹೆಸರು ಎಂದು ತಿಳಿದದ್ದೇ ತಡ, ಕೆಲಸ ಬಿಟ್ಟು ಸೇರಿಕೊಂಡರು.

"ಸೇವೆ ಮಾಡಕ್ಕೆ ಸರ್ಟಿಫಿಕೇಟ್ ಯಾಕೋ ಸಂಪತ್ತು?" ಎಂದು ಅಕ್ಕ ಶ್ರೀರಂಗಮ್ಮ ಚನ್ನರಾಯಪಟ್ಟಣದಿಂದ ಫೋನು ಮಾಡಿದಳು.

"ಇನ್ನೊಬ್ರ ಕಷ್ಟ ಹೇಗೆ ಕೇಳಿಸ್ಕೋಬೇಕು ಅಂತ ಕಲಿಸ್ತಾರಕ್ಕ."

"ಅದಕ್ಕೆ ಮೂರು ವರ್ಷ ಬೇಕಾ? ಭಾವನ್ನ ಕೇಳು, ಮದುವೆಯಾದ ಮೂರೇ ದಿನದಲ್ಲಿ ಕಲಿತ್ರು."

ಓದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕಣ್ಣು. ಮೊದಲ ಮನೆಭೇಟಿಯಲ್ಲಿ ಅರಕಲಗೂಡಿನ ಒಬ್ಬ ತಾಯಿ ಮಗನ ಕಾಯಿಲೆಯ ವಿಷಯ ಶುರುಮಾಡಿದ ಎರಡನೇ ನಿಮಿಷಕ್ಕೆ ಇವರ ಕಣ್ಣು ಸೋರಿತು. ಎರಡನೇ ಭೇಟಿಯಲ್ಲಿ ಕಣ್ಣು ಸೋರಿದಾಗ ಮನೆಯವರು ಇನ್ನೂ ಬಾಯಿಯೇ ತೆರೆದಿರಲಿಲ್ಲ. ವಿಭಾಗದ ಮೇಷ್ಟ್ರು ಚಂದ್ರಮೌಳಿ, ವಯಸ್ಸಿನಲ್ಲಿ ಇವರಿಗಿಂತ ಹದಿನೆಂಟು ವರ್ಷ ಚಿಕ್ಕವರು, ಕರೆದು ಕೂರಿಸಿಕೊಂಡು ಹೇಳಿದ್ದರು.

"ಸಂಪತ್ ಅವರೇ, ಕ್ಲೈಂಟು ಅಳಬಹುದು, ನಾವು ಅಳೋ ಹಾಗಿಲ್ಲ. ನಮ್ಮ ಮನೆ ವಿಷಯ ತೆಗೆಯೋ ಹಾಗಿಲ್ಲ. ಮೂರನೇ ಭೇಟೀನೂ ಹೀಗೇ ಆದ್ರೆ ನಾನು ಪಾಸು ಮಾಡೋಕಾಗಲ್ಲ. ಈ ವರ್ಷ ಮತ್ತೆ ಮೊದಲಿಂದ ಮಾಡಬೇಕಾಗುತ್ತೆ."

ಆ ಮೂರನೇ ಭೇಟಿ ಇವತ್ತು, ಹಳೇಕೋಟೆಯಲ್ಲಿ.

ಬಸ್ಸಿನಲ್ಲಿ ಜೊತೆಗೆ ಬಂದವಳು ಸಹಪಾಠಿ ಭವ್ಯಶ್ರೀ. ಅವಳಿಗೆ ಆಶಾರಾಣಿ ಎಂಬ ಬಾಣಂತಿಯ ಮನೆ, ಇವರಿಗೆ ಪಕ್ಕದ ಬೀದಿಯ ಲಕ್ಕಮ್ಮನ ಮನೆ. ಲಕ್ಕಮ್ಮನ ಗಂಡ ಕೆಂಪಣ್ಣ ತೀರಿಕೊಂಡು ಮೂರು ವಾರವಾಗಿತ್ತು. ಅಂದಿನಿಂದ ಆಕೆ ಒಂದು ಹನಿ ಕಣ್ಣೀರು ಹಾಕಿಲ್ಲ, ಒಂದು ಮಾತಾಡಿಲ್ಲ. ಸೊಸೆ ಹೆದರಿ ಅಂಗನವಾಡಿಯಲ್ಲಿ ಹೇಳಿಕೊಂಡಿದ್ದಳು.

ಲಕ್ಕಮ್ಮ ಜಗಲಿಯ ಮೇಲೆ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಹಿತುಕುತ್ತಿದ್ದಳು. ಸಂಪತ್ಕುಮಾರರು ಎದುರಿಗೆ ಕೂತು ನೋಟುಬುಕ್ಕು ತೆರೆದರು. ಅಷ್ಟರಲ್ಲಿ ಎದುರು ಮನೆಯ ರೇವಮ್ಮ ಬಂದಳು. ಹಣೆಯ ಗೆರೆ ನೋಡಿದಳು, ಪುಸ್ತಕ ನೋಡಿದಳು, ಅರ್ಥ ಮಾಡಿಕೊಂಡಳು.

"ಬಂದ್ರಾ ಅಯ್ನೋರೆ? ಪಂಚಾಂಗ ತಂದಿದ್ದೀರಾ?"

"ನಾನು ಪುರೋಹಿತನಲ್ಲಮ್ಮ, ಕಾಲೇಜಲ್ಲಿ ಓದ್ತಿದೀನಿ."

ರೇವಮ್ಮ ಅವರ ನರೆತ ಮೀಸೆಯನ್ನು ಒಮ್ಮೆ ನೋಡಿ ನಕ್ಕಳು. "ತಮಾಸೆ ಮಾಡ್ತಾರೆ ಅಯ್ನೋರು," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಆಮೇಲೆ ಸಂಪತ್ಕುಮಾರರ ಕೈ ಮೀರಿತು. ಒಬ್ಬ ಮಗಳ ಜಾತಕ ತಂದು ತೊಡೆಯ ಮೇಲಿಟ್ಟ. ಇನ್ನೊಬ್ಬ ಬೋರು ಕೊರೆಸಲು ದಿಕ್ಕು ಕೇಳಿದ. ಟ್ರ್ಯಾಕ್ಟರಿನ ರುದ್ರೇಶ ಇಂಜಿನ್ನು ಆರಿಸದೆಯೇ ಇಳಿದು ಬಂದು, "ಸಾ, ಗೃಹಪ್ರವೇಶಕ್ಕೆ ಒಂದ್ ದಿನ ನೋಡ್ಬುಡಿ, ಅಂಗೇ ಓಯ್ತೀನಿ," ಎಂದ. ಇವರು ಬೇಡವೆಂದಷ್ಟೂ ದೊಡ್ಡ ಪಂಡಿತರೇ ಇರಬೇಕೆಂದು ಜನರಿಗೆ ನಂಬಿಕೆ ಬಲಿಯಿತು. ಕೊನೆಗೆ ಇವರು ಕೈ ಮುಗಿದು, "ನಾನು ಬಂದಿರೋದು ಲಕ್ಕಮ್ಮನವರ ದುಃಖ ಹೊರಗೆ ಬರಲಿ ಅಂತ, ಅಷ್ಟೇ," ಎಂದರು.

ಅದೇ ತಪ್ಪಾಯಿತು.

"ಅಂಗನ್ನಿ ಮತ್ತೆ," ಎಂದಳು ರೇವಮ್ಮ. "ಕೇಳ್ರಪ್ಪ, ಲಕ್ಕಮ್ಮನ್ನ ಅಳ್ಸೋ ಮಂತ್ರ ಆಕ್ತಾರಂತೆ. ಎಲ್ಲಾ ಸುಮ್ಕೆ ಕುಂತ್ಕಳಿ."

ಇಪ್ಪತ್ತು ಮೂವತ್ತು ಜನ, ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವವರ ಹಾಗೆ, ಜಾಗ ಮಾಡಿಕೊಂಡು ಕೂತರು. ಭವ್ಯಶ್ರೀಯೂ ಬಂದು ಒಂದು ಕಂಬಕ್ಕೆ ಒರಗಿದಳು. ಆಶಾರಾಣಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹಾಸನಕ್ಕೆ ಹೋಗಿದ್ದಳು, ಮನೆಗೆ ಬೀಗ.

ಸಂಪತ್ಕುಮಾರರು ಮೇಷ್ಟ್ರ ಮಾತು ನೆನೆಸಿಕೊಂಡು ಬಾಯಿ ಬಿಗಿದು ಕೂತರು. ಲಕ್ಕಮ್ಮ ತಲೆಯೆತ್ತದೆ ಅವರೆ ಹಿತುಕಿದಳು. ಹೀಗೇ ಕಾಲು ಗಂಟೆ. ಹಿಂದಿನ ಸಾಲಿನಲ್ಲಿ ಒಬ್ಬ, "ಏನ್ಲಾ, ಇನ್ನೂ ಸುರುವಾಗಿಲ್ವಾ?" ಎಂದು ಪಿಸುಗುಟ್ಟಿದ. ಇವರಿಗೆ ಕೈ ಸುಮ್ಮನಿಡಲಾಗಲಿಲ್ಲ. ತಾವೂ ಪಾತ್ರೆಗೆ ಕೈ ಹಾಕಿ ಹಿತುಕತೊಡಗಿದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ, ಬೆರಳು ತಾನಾಗಿ ಓಡಿತು.

ಲಕ್ಕಮ್ಮನ ಕೈ ನಿಂತಿತು. ಅವಳು ಆ ಬೆರಳುಗಳನ್ನೇ ನೋಡಿದಳು. ಮೂರು ವಾರಗಳ ಮೇಲೆ ಮೊದಲ ಸಲ ಅವಳ ಬಾಯಿಂದ ಮಾತು ಬಂತು.

"ಗಂಡಸ್ರು ಇಂಗೆ ಇತುಕಲ್ಲ. ಯಾರಪ್ಪ ಕಲ್ಸಿದ್ದು ನಿಂಗೆ?"

"ನನ್ನ ಹೆಂಡ್ತಿ," ಎಂದುಬಿಟ್ಟರು ಸಂಪತ್ಕುಮಾರರು.

"ಅವ್ಳು ಎಲ್ಲವ್ಳೆ ಈಗ?"

ಅವರು ಉತ್ತರ ಹೇಳಲು ಹೋದರು. ಗಂಟಲಿಂದ ಬೇರೆಯೇ ಏನೋ ಬಂತು. ಎರಡು ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ, ಶಾಲೆಯ ರಿಜಿಸ್ಟರುಗಳ ಮೇಲೆ, ಖಾಲಿ ಅಡುಗೆಮನೆಯಲ್ಲಿ ತಡೆದಿಟ್ಟದ್ದೆಲ್ಲ ಹಳೇಕೋಟೆಯ ಆ ಜಗಲಿಯ ಮೇಲೆ, ಮೂವತ್ತು ಜನರೆದುರು ಹರಿಯಿತು. ಕೊನೆಯ ದಿನ ಹಿತಕವರೆ ಸಾರು ಕೇಳಿದ್ದಳು, ಡಾಕ್ಟರು ಬೇಡವೆಂದರು, ಅದಕ್ಕೇ ಕೊಡಲಿಲ್ಲ, ಕೊಟ್ಟಿದ್ದರೆ ಏನಾಗುತ್ತಿತ್ತು ಎಂದೆಲ್ಲ ಹೇಳಿಕೊಂಡು ಮಗುವಿನ ಹಾಗೆ ಅತ್ತರು. ಲಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಬೆನ್ನ ಮೇಲಿಟ್ಟಳು.

"ಅಳು ಕಣಪ್ಪ. ಯಾರ್ ದುಕ್ಕ ಅಂತ ಕೇಳ್ಬ್ಯಾಡ, ಅಳು," ಎಂದಳು.

ಟ್ರ್ಯಾಕ್ಟರಿನ ರುದ್ರೇಶ ಎದ್ದು ಹೋಗಿ ಇಂಜಿನ್ನು ಆರಿಸಿದ. ರೇವಮ್ಮ ಮಾತ್ರ ಪಕ್ಕದವಳಿಗೆ, "ಮಂತ್ರ ತಿರುಗ್ಸಿ ಒಡೀತು ಕಣೆ," ಎಂದಳು, ಅದೂ ಮೂಗು ಒರೆಸಿಕೊಂಡೇ.

ಸಾಯಂಕಾಲ ವಿಭಾಗದಲ್ಲಿ ತರಗತಿಯವರೆಲ್ಲ ವರದಿ ಒಪ್ಪಿಸಲು ಸೇರಿದ್ದಾಗ ಸಂಪತ್ಕುಮಾರರು ನಡೆದದ್ದನ್ನೆಲ್ಲ ಸುಳ್ಳಿಲ್ಲದೆ ಬರೆದುಕೊಟ್ಟರು. ಚಂದ್ರಮೌಳಿ ಎರಡು ಸಲ ಓದಿದರು. ಅವರಿಗೂ ಸಂಕಟವೇ.

"ಲಕ್ಕಮ್ಮ ಮಾತಾಡಿದ್ರಲ್ಲ ಸರ್," ಎಂದರು ಸಂಪತ್ಕುಮಾರರು ಮೆಲ್ಲಗೆ.

"ಮಾತಾಡಿದ್ದು ನಿಮ್ಮನ್ನ ಸಮಾಧಾನ ಮಾಡಕ್ಕೆ. ಇಲ್ಲಿ ಕ್ಲೈಂಟ್ ಯಾರು, ಸಂಪತ್ ಅವರೇ?"

ಮೇಷ್ಟ್ರು ವರದಿಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದರು. ಅಲ್ಲಿಗೆ ಇವರ ಓದಿನ ಒಂದು ವರ್ಷ ಹೋಯಿತು. ಮೇಷ್ಟ್ರು ಇನ್ನೊಂದು ವರದಿಯನ್ನು ಕೈಗಿತ್ತು, "ಬೇಜಾರು ಮಾಡ್ಕೋಬೇಡಿ. ಇದು ಭವ್ಯಶ್ರೀದು. ನಾನು ಈ ವರ್ಷ ನೋಡಿದ್ರಲ್ಲಿ ಇದೇ ಚೆನ್ನಾಗಿರೋದು. ಗಟ್ಟಿಯಾಗಿ ಓದಿ, ಎಲ್ಲರೂ ಕೇಳಲಿ. ಒಬ್ಬ ಮನುಷ್ಯನನ್ನ ಹೇಗೆ ನೋಡ್ಬೇಕು ಅಂತ ಗೊತ್ತಾಗುತ್ತೆ," ಎಂದರು.

ಭವ್ಯಶ್ರೀ ತಲೆ ಬಗ್ಗಿಸಿಕೊಂಡು ಕೂತಿದ್ದಳು. ಸಂಪತ್ಕುಮಾರರು ಕನ್ನಡಕ ಹಾಕಿಕೊಂಡು ಓದತೊಡಗಿದರು.

"ನಿಗದಿಯಾಗಿದ್ದ ಮನೆಗೆ ಬೀಗ ಹಾಕಿತ್ತು. ಅದೇ ಊರಿನಲ್ಲಿ ಬೇರೊಬ್ಬ ಕ್ಲೈಂಟ್ ಸಿಕ್ಕರು. ಹೆಸರು ಗೋಪ್ಯ. ವಯಸ್ಸು ಸುಮಾರು ಐವತ್ತೆರಡು. ಪತ್ನಿ ತೀರಿಕೊಂಡಿದ್ದಾರೆ. ಮಕ್ಕಳಿಲ್ಲ. ಮಾತು ಮೃದು. ಬಸ್ಸಿನಲ್ಲಿ ಎಲ್ಲರಿಗೂ ಸೀಟು ಬಿಟ್ಟುಕೊಡುತ್ತಾರೆ."

ಅವರು ಹಾಳೆಯಿಂದ ತಲೆಯೆತ್ತಿ ಭವ್ಯಶ್ರೀಯನ್ನು ನೋಡಿದರು. ಚಂದ್ರಮೌಳಿ, "ಮುಂದಕ್ಕೆ ಓದಿ," ಎಂದರು.

"ಕ್ಲೈಂಟ್ ಇತರರ ದುಃಖ ಕೇಳಲು ಉತ್ಸುಕರಾಗಿದ್ದಾರೆ. ಅವರದನ್ನು ಕೇಳಲು ಮನೆಯಲ್ಲಿ ಯಾರೂ ಇಲ್ಲ. ತಮ್ಮ ಜೊತೆ ಯಾರೋ ಒಮ್ಮೆ ಕೂತಿದ್ದರು ಎಂಬುದನ್ನು ಅವರು ಮರೆತಿಲ್ಲ ಎಂದು ನನಗೆ ಅನ್ನಿಸುತ್ತದೆ. ಶಿಫಾರಸು: ವಾರಕ್ಕೊಮ್ಮೆ ಯಾರಾದರೂ ಹೋಗಿ ಅವರ ಜೊತೆ ಕೂರುವುದು."

ಧ್ವನಿ ಒಡೆಯಲಿಲ್ಲ. ಕಣ್ಣೂ ಒದ್ದೆಯಾಗಲಿಲ್ಲ. ಮೇಷ್ಟ್ರಿಗೆ ಆಶ್ಚರ್ಯವೇ ಆಯಿತು. "ನೋಡಿ, ಇವತ್ತು ಎಷ್ಟು ಹಿಡಿತದಲ್ಲಿ ಓದಿದ್ರಿ. ಬೆಳಿಗ್ಗೆ ಹೀಗೇ ಇದ್ದಿದ್ರೆ ಪಾಸಾಗ್ತಿದ್ರಿ," ಎಂದು ಭವ್ಯಶ್ರೀಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಹಾಕಿದರು. "ಕ್ಲೈಂಟಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು ಬಾಮ್ಮ. ಅದಿಲ್ದಿದ್ರೆ ಅಂಕ ಬರಲ್ಲ."

ಹೊರಗಿನ ಮೆಟ್ಟಿಲಲ್ಲಿ ಭವ್ಯಶ್ರೀ ಒಂದು ಹಾಳೆ ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಸಾರಿ ಅಂಕಲ್. ಬೇರೆ ಯಾರೂ ಸಿಗಲಿಲ್ಲ. ನೀವು ಬೇಡ ಅಂದ್ರೆ ಹರಿದು ಹಾಕ್ಬಿಡ್ತೀನಿ."

ಹರಿದರೆ ಅವಳ ವರ್ಷವೂ ಹೋಗುತ್ತದೆ. ಸಂಪತ್ಕುಮಾರರು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಗುಮಾಸ್ತನ ದುಂಡು ಅಕ್ಷರದಲ್ಲಿ ಸಹಿ ಹಾಕಿದರು. ಈ ಓದಿಗೆ ಸೇರಿದ ಮೇಲೆ ಅವರ ಕೈಯಿಂದ ಒಬ್ಬರಿಗೆ ಆದ ಮೊದಲ ಸಹಾಯ ಅದು.

"ಕ್ಲೈಂಟಿನ ಉದ್ಯೋಗ ಅಂತ ಒಂದು ಕಾಲಂ ಖಾಲಿ ಇದೆ ಅಂಕಲ್," ಎಂದಳು ಅವಳು. "ಏನಂತ ಬರೀಲಿ?"

ಅವರು ಪೆನ್ನನ್ನು ಅವಳ ಕೈಗೆ ಕೊಟ್ಟರು.

"ವಿದ್ಯಾರ್ಥಿ ಅಂತ ಬರಿಯಮ್ಮ. ಇನ್ನೊಂದು ವರ್ಷ ಹೇಗೂ ಅದೇ."