ನೀಲಿ ಗಿಟಾರೂ ಅತ್ತೆಯ ಕೊಬ್ಬರಿ ಎಣ್ಣೆಯೂ

ನಮ್ಮ ಅರಸೀಕೆರೆಯಲ್ಲಿ ಹೆಂಗಸೊಬ್ಬಳು ಒಲೆ ಮುಂದೆ ನಿಂತು ಏನು ಬೇಕಾದರೂ ಮಾಡಲಿ, ಯಾರೂ ಕೇಳಲ್ಲ. ಅದೇ ಅವಳು ಕೈಗೆ ಸ್ಯಾಂಡ್ ಪೇಪರ್ ತಗೊಳ್ಳಲಿ ನೋಡಿ, ಬೀದಿಗೆ ಬೀದಿಯೇ ಬುದ್ಧಿ ಹೇಳೋಕೆ ಬಂದು ನಿಲ್ಲತ್ತೆ. ನನಗಂತೂ ಇದು ದಿನಾ ಇದ್ದದ್ದೇ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳೋ ಟೀಚರ್. ಐವತ್ತು ದಾಟಿದ ಮೇಲೆ ಗಿಟಾರು ಕಲಿತೆ. ಅದೂ ಎಂಥದು, ಕರೆಂಟಿನ ಗಿಟಾರು! ಬಿಡಿ ಭಾಗ ತರಿಸಿ, ಬಣ್ಣ ಕಾಣದ ಬರೀ ಮರದ ಮೈಗೆ ನಾನೇ ಬಣ್ಣ ಹಚ್ಚಿ, ವಾರ್ನಿಷ್ ಹೊಡೆದು ಜೋಡಿಸ್ತೀನಿ ಅಂತ ಹಟ ಹಿಡಿದೆ. ಯಾಕೆ ಅಂದರೆ, ಮದುವೆ ಸೀರೆಯಿಂದ ಹಿಡಿದು ಮನೆ ಗೇಟಿನ ತನಕ ನನ್ನ ಪಾಲಿನ ಬಣ್ಣಗಳನ್ನೆಲ್ಲ ಬೇರೆಯವರೇ ಆರಿಸಿದಾರೆ. ಇದೊಂದು ನೀಲಿ ನಂದು.

ನಮ್ಮ ಹೆಡ್‌ಮಾಸ್ಟರು ಬೇರೆ, "ರಾಜ್ಯೋತ್ಸವಕ್ಕೆ ಗಿಟಾರು ರೆಡಿಯಾದ್ರೆ ಸ್ಟೇಜ್ ಮೇಲೆ ಬಾರಿಸಿ ಮೇಡಂ. ಆಗದಿದ್ರೆ ಲೇಡಿ ಟೀಚರ್‌ಗಳ ಕೋಲಾಟಕ್ಕೆ ನೀವೇ ಲೀಡರು" ಅಂದು ನಕ್ಕಿದ್ದರು. ಆ ನಗು ನೋಡಿ ನನಗೆ ಮೈಯೆಲ್ಲ ಉರೀತು. ಸತ್ತರೂ ಕೋಲು ಮುಟ್ಟಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಬಾಗಿಲಿಗಾ, ಕಿಟಕಿಗಾ?

ಮೊದಲು ಹೋಗಿದ್ದು ನಮ್ಮೂರ ಹಾರ್ಡ್‌ವೇರ್ ಅಂಗಡಿಗೆ. "ಮರದ ಗೆರೆ ಕಾಣೋ ಹಾಗೆ ನೀಲಿ ಬಣ್ಣ ಕೊಡಿ" ಅಂದೆ.

"ಬಾಗಿಲಿಗಾ, ಕಿಟಕಿಗಾ?"

"ಗಿಟಾರಿಗೆ."

ಅಂಗಡಿಯವರು ಕನ್ನಡಕ ಹಣೆಗೇರಿಸಿದರು. "ಗೆರೆ ಯಾಕೆ ಕಾಣಬೇಕು ಮೇಡಂ? ಗೆರೆ ಮುಚ್ಚೋಕೇ ಅಲ್ವಾ ಜನ ಬಣ್ಣ ಹೊಡೆಯೋದು? ಕಾಣಲೇಬೇಕು ಅಂದ್ರೆ ತೇಗದ ಬಣ್ಣ ತಗೊಂಡೋಗಿ. ನೀಲಿ ಮರ ಅಂತ ದೇವರೇ ಮಾಡಿಲ್ಲ."

"ದೇವರು ಮರೆತಿದ್ದನ್ನ ನಾನು ಮಾಡ್ತೀನಿ ಬಿಡಿ."

"ಯಾವುದಕ್ಕೂ ಮನೇಲಿ ಯಜಮಾನ್ರನ್ನ ಒಂದು ಮಾತು ಕೇಳಿ."

ನಾನು ಬಿಡ್ತೀನಾ? "ಅಂಗಡಿ ಗೋಡೆಗೆ ಈ ಗುಲಾಬಿ ಬಣ್ಣ ಹೊಡೆಸೋವಾಗ ನಿಮ್ಮ ಮನೆಯವರನ್ನ ಕೇಳಿದ್ರಾ?" ಅಂದೆ.

ಅವರ ಮುಖ ಸಣ್ಣಗಾಯಿತು. "ಅವಳೇ ಆರಿಸಿದ್ದು ಮೇಡಂ. ನನಗೂ ನೀಲಿನೇ ಇಷ್ಟ ಇತ್ತು" ಅಂದರು.

ಹಲ್ಲಿಲ್ಲದ ತುರೆಮಣೆ

ಬೇಲೂರಿನಲ್ಲಿ ನೀಲಿ ಸಿಗತ್ತೆ ಅಂತ ಗೊತ್ತಾಯಿತು. ಈ ಮರದ ಮೇಲೆ ಬಣ್ಣ ಹೇಗೆ ಕೂರತ್ತೋ ಅಲ್ಲೇ ನೋಡಿ ತರೋಣ ಅಂತ ಗಿಟಾರಿನ ಮೈಯನ್ನು ಟವಲ್ಲಲ್ಲಿ ಸುತ್ತಿ, ಮಗು ಥರ ತೊಡೆ ಮೇಲಿಟ್ಕೊಂಡು ಬಸ್ಸು ಹತ್ತಿದೆ. ಹಳೇಬೀಡಲ್ಲಿ ಒಬ್ಬ ಅಜ್ಜಿ ಹತ್ತಿ ಪಕ್ಕದಲ್ಲಿ ಕೂತರು. ಕೂತ ಕೂಡಲೇ ಟವಲ್ಲು ಸರಿಸಿ ನೋಡಿದ್ದೂ ಆಯಿತು.

"ತುರೆಮಣೆ ಭಾರಿ ದೊಡ್ಡದೈತಲ್ಲವ್ವ! ಎಷ್ಟು ಜನದ ಅಡುಗೆ?"

"ತುರೆಮಣೆ ಅಲ್ಲಜ್ಜಿ, ಗಿಟಾರು. ಬಾರಿಸೋದು."

"ಹಂಗಾರೆ ಕಾಯಿ ತುರಿಯಕ್ಕೆ ಆಗಕಿಲ್ವಾ?"

"ಇಲ್ಲ."

"ಕೂರಕ್ಕೆ?"

"ಅಯ್ಯೋ, ಕೂತ್ಕೋಬಾರದು ಅಜ್ಜಿ!"

ಅಜ್ಜಿ ಟವಲ್ಲನ್ನು ಹುಷಾರಾಗಿ ಮತ್ತೆ ಮುಚ್ಚಿದರು. ಕನಿಕರದಿಂದ ನನ್ನ ಕೈ ತಟ್ಟಿ, "ಹೋಗ್ಲಿ ಬಿಡವ್ವ. ತಗೊಂಡ ಅಂಗ್ಡಿಗೇ ವಾಪಸ್ ಕೊಡೋಕೆ ಹೊಂಟಿದ್ದೀಯಲ್ಲ, ಅಷ್ಟು ಸಾಕು" ಅಂದರು.

ಹೊಸ ಮರಕ್ಕೆ ಎಣ್ಣೆ

ಬಣ್ಣ ಸಿಕ್ಕಿತು. ಭಾನುವಾರ ಬೆಳಗ್ಗೆಯೆಲ್ಲ ಮರ ಉಜ್ಜಿ ಉಜ್ಜಿ ಮಗುವಿನ ಕೆನ್ನೆ ಥರ ನುಣ್ಣಗೆ ಮಾಡಿ, ಮಹಡಿ ಮೇಲೆ ಬಿಸಿಲಿಗಿಟ್ಟು ಊಟಕ್ಕೆ ಇಳಿದೆ. ಊಟ ಮುಗಿಸಿ ಹೋಗಿ ಬಣ್ಣ ಹಚ್ಚಿದರೆ ಕೂರಲೇ ಒಲ್ಲದು! ಒಂದು ಕಡೆ ನೀಲಿ, ಒಂದು ಕಡೆ ಬಿಳುಪು. ಮಿಕ್ಕ ಬಣ್ಣವೆಲ್ಲ ಹನಿಹನಿಯಾಗಿ ಜಾರಿ ನನ್ನ ಕಾಲ ಮೇಲೆ. ಮೂಸಿ ನೋಡಿದರೆ ಘಮ್ಮಂತ ಕೊಬ್ಬರಿ ಎಣ್ಣೆ.

"ಅತ್ತೇ!"

ಅತ್ತೆ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದರು. "ಏನೇ ಅದು ಕೂಗು? ಹೊಸ ಮಣೆ ಬರಲಿ, ಲಟ್ಟಣಿಗೆ ಬರಲಿ, ಎಣ್ಣೆ ಕುಡಿಸದೆ ಬಿಸಿಲಿಗೆ ಇಡ್ತಾರೇನೇ? ಸೀಳಿ ಹೋಗತ್ತೆ ಅಂತ ನಾನೇ ಎರಡು ಸಲ ತಿಕ್ಕಿದೆ. ಗಾಣದ ಎಣ್ಣೆ ಕಣೇ!"

"ಎಣ್ಣೆ ಕುಡಿದ ಮರ ಬಣ್ಣ ಕುಡಿಯಲ್ಲ ಅತ್ತೆ!" ಅಂತ ಅಳುವ ದನಿಯಲ್ಲಿ ಹೇಳಿದೆ.

ಅವರು ಬಗ್ಗಿ, ಜಾರುತ್ತಿದ್ದ ನೀಲಿ ಹನಿಗಳನ್ನು ಹೆಮ್ಮೆಯಿಂದ ನೋಡಿದರು. "ನೋಡ್ದಾ! ಒಂದು ತೊಟ್ಟೂ ಒಳಗೆ ಬಿಡ್ತಿಲ್ಲ. ಇನ್ನು ನಿನ್ನ ಗಿಟಾರು ಮಳೇಲಿ ನೆಂದರೂ ಏನೂ ಆಗಲ್ಲ" ಅಂದರು.

ಥಿನ್ನರ್ ಹಾಕಿ ಒರೆಸಿ, ಮತ್ತೆ ಮೊದಲಿಂದ ಉಜ್ಜಿದೆ. ನನ್ನವರು ಪೇಪರಿಂದ ತಲೆಯೆತ್ತಿ, "ಸುಮ್ಮನೆ ಬಡಗಿಗೆ ಕೊಡೇ" ಅಂದರು. "ನೀವು ಬೇಕಾದ್ರೆ ಬಡಗಿ ಮನೆಗೆ ಹೋಗಿ, ಗಿಟಾರು ಎಲ್ಲೂ ಹೋಗಲ್ಲ" ಅಂದೆ.

ಆಯುಧ ಪೂಜೆ

ಕೊನೆಗೂ ನನ್ನ ನೀಲಿ ಕೂತಿತು. ಎಂಥ ನೀಲಿ ಅಂತೀರಿ! ಗೆರೆಗೆರೆಯೂ ಕಾಣ್ತಿತ್ತು. ಕೊನೆಯ ವಾರ್ನಿಷ್ ಹೊಡೆದು, ಹಿಂದಿನ ವರಾಂಡದಲ್ಲಿ ತಂತಿಗೆ ನೇತುಹಾಕಿ, ಸ್ನಾನಕ್ಕೆ ಹೋದೆ. ಅವತ್ತು ಆಯುಧ ಪೂಜೆ ಅನ್ನೋದೇ ಮರೆತುಬಿಟ್ಟಿದ್ದೆ.

ಬಂದು ನೋಡ್ತೀನಿ, ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲದರ ಪೂಜೆ ಮುಗಿಸಿ ಅತ್ತೆ ಗಿಟಾರಿನ ಮುಂದೆ ಕೈಮುಗಿದು ನಿಂತಿದಾರೆ. ಹಸಿ ವಾರ್ನಿಷ್ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕಾಸಗಲ ಕುಂಕುಮ!

"ಒಣಗಿಲ್ಲ ಅತ್ತೆ, ಅಂಟ್ಕೊಂಡುಬಿಡ್ತು!"

"ಅಂಟಲಿ ಬಿಡೇ. ಎಲ್ಲಾರ ಆಯುಧಕ್ಕೂ ಪೂಜೆ ಆಗಿ ನಿಂದೊಂದು ಬೋಳು ಇರಬೇಕಾ?"

ನನಗೆ ನಿಜಕ್ಕೂ ಅಳು ಬಂತು. ಕೆರೆದರೆ ಬಣ್ಣವೇ ಕಿತ್ತು ಬರತ್ತೆ, ಮತ್ತೆ ಶುರು ಮಾಡಿದರೆ ರಾಜ್ಯೋತ್ಸವ ಕೈ ತಪ್ಪತ್ತೆ. ನನ್ನವರು, "ಪೂರ್ತಿ ಕಪ್ಪು ಹೊಡೆದುಬಿಡು, ಗೊತ್ತೇ ಆಗಲ್ಲ" ಅಂದರು. ಮತ್ತೆ ಇನ್ನೊಬ್ಬರ ಬಣ್ಣ! ಆಗಲ್ಲ ಅಂದರೆ ಆಗಲ್ಲ. ಒಣಗಿದ ಮೇಲೆ ಕುಂಕುಮದ ಮೇಲೇ ಇನ್ನೆರಡು ಕೈ ವಾರ್ನಿಷ್ ಹೊಡೆದು, ತಂತಿ ಬಿಗಿದು, ಹಾಗೇ ಸ್ಟೇಜ್ ಹತ್ತಿದೆ.

"ಸೌಂಡ್ ಸ್ವಲ್ಪ ಕಮ್ಮಿ ಇರಲಿ ಮೇಡಂ" ಅಂತ ಹೆಡ್‌ಮಾಸ್ಟರು ಪಿಸುಗುಟ್ಟಿದರು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಣ್ಣು ವಿಭೂತಿ ಮೇಲೆ ಬಿತ್ತು. ಪಾಪ, ಗಡಬಡಿಸಿ ಎದ್ದು, ಬೂಟು ಕಳಚಿ ಕೈಮುಗಿದರು. ಅವರು ಕಳಚಿದ ಮೇಲೆ ವೇದಿಕೆಯೆಲ್ಲ ಕಳಚಲೇಬೇಕಲ್ಲ! ಹೆಡ್‌ಮಾಸ್ಟರ ಕಾಲುಚೀಲದ ತೂತಿಂದ ಹೆಬ್ಬೆರಳು ಇಣುಕುತ್ತಿತ್ತು. ಸೌಂಡಿನ ಮಾತು ಅವರು ಮತ್ತೆ ಎತ್ತಲಿಲ್ಲ. ನಾನು ಸ್ಪೀಕರ್ ಪೂರ್ತಿ ಏರಿಸಿ ಮನಸಾರೆ ಬಾರಿಸಿದೆ. ಮಕ್ಕಳ ಶಿಳ್ಳೆ ಕೇಳಬೇಕಿತ್ತು ನೀವು.

ಚಪ್ಪಾಳೆ ನಿಂತಿತು. ಆಗ ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ನಮ್ಮ ಅತ್ತೆಯನ್ನು, "ಬಣ್ಣ ಎಷ್ಟು ಚೆನ್ನಾಗಿದೆ, ಯಾರು ಆರಿಸಿದ್ದು?" ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಇನ್ಯಾರು, ನಾನೇ! ನೀಲಿ ಹಚ್ಚೇ, ಕುಂಕುಮ ಎದ್ದು ಕಾಣತ್ತೆ ಅಂತ ಮೊದಲೇ ಹೇಳಿದ್ದೆ" ಅಂದರು ಅತ್ತೆ.

ಮೈಕು ನನ್ನ ಮುಂದೇನೇ ಇತ್ತಲ್ಲ. "ಅತ್ತೆ, ನೀಲಿ ನಂದು!" ಅಂದೆ. ಇಡೀ ಮೈದಾನಕ್ಕೆ ಕೇಳಿಸಿತು.

ಅತ್ತೆ ಸುಮ್ಮನಿರ್ತಾರಾ? ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, ಮೈಕಿಲ್ಲದೇನೇ ನನಗಿಂತ ಜೋರಾಗಿ ಕೂಗಿದರು: "ಬೂಟು ಬಿಚ್ಚಿಸಿದ ವಿಭೂತಿ ಯಾರದೇ?"