ಹೊಸಬರು ಬರುವವರೆಗೆ

ಸೇವಾ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಎಲ್ಲರಿಗಿಂತ ಕೊನೆಗೆ ಸೇರಿದ ಸದಸ್ಯನೇ ಪ್ರತಿ ಕಾರ್ಯಕ್ರಮಕ್ಕೂ ಕುರ್ಚಿ ಹೊರಬೇಕು. ಇನ್ನೊಬ್ಬ ಹೊಸಬ ಸೇರಿದ ದಿನ ಅವನಿಗೆ ಬಿಡುಗಡೆ. ಸೇವೆಗೆ ಬಂದವನ ಬೆನ್ನು ಮೊದಲು ಬಾಗಬೇಕು ಎಂದು ಕ್ಲಬ್ಬು ಕಟ್ಟಿದ ಹಿರಿಯರು ಮಾಡಿದ ನಿಯಮವಂತೆ. ಒಳ್ಳೆಯ ನಿಯಮವೇ. ಆದರೆ ಹೊಸಬರು ಬರುವುದೇ ನಿಂತುಹೋದರೆ ಏನು ಗತಿ ಎಂದು ಆ ಹಿರಿಯರು ಯೋಚಿಸಿರಲಿಲ್ಲ. ಆ ಯೋಚನೆಯೆಲ್ಲ ಗಡಿಯಾರ ರಿಪೇರಿಯವನ ಪಾಲಿಗೆ ಬಂದಿತ್ತು.

ಅವನು ಕ್ಲಬ್ಬಿಗೆ ಸೇರಿದಾಗ ಮಗಳು ಅವನ ಬೆರಳು ಹಿಡಿದು ಶಾಲೆಗೆ ಹೋಗುತ್ತಿದ್ದಳು. ಈಗ ಅವಳು ಅವನಿಗಿಂತ ನಾಲ್ಕು ಬೆರಳು ಎತ್ತರ. ಅವನು ಮಾತ್ರ ಇನ್ನೂ ಹೊಸ ಸದಸ್ಯ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿ ಇಡುವ ಕೈ ಅದು. ಕ್ಲಬ್ಬಿನ ಕಾರ್ಯಕ್ರಮ ಬಂತೆಂದರೆ ಅದೇ ಕೈಯಲ್ಲಿ ಐದೈದು ಪ್ಲಾಸ್ಟಿಕ್ ಕುರ್ಚಿ. ಜನ ಅವನ ಹೆಸರನ್ನೇ ಮರೆತು 'ಕುರ್ಚಿಯಣ್ಣ' ಎನ್ನತೊಡಗಿದ್ದರು. "ವಾಚು ನಿಂತೋಗಿದೆ, ಕುರ್ಚಿಯಣ್ಣನ ಹತ್ರ ಕೊಟ್ಟು ಬಾ" ಎನ್ನುವುದನ್ನು ಅವನೇ ಕಿವಿಯಾರೆ ಕೇಳಿದ್ದ.

ಹಾಗಾದರೆ ಕ್ಲಬ್ಬು ಬಿಟ್ಟುಬಿಡಬಹುದಿತ್ತಲ್ಲ ಎಂದರೆ, ಅದೂ ಆಗದ ಮಾತು. ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕ್ಲಬ್ಬಿನವರು ಸರದಿ ಹಾಕಿಕೊಂಡು ಊಟ ತಂದುಕೊಟ್ಟಿದ್ದರು. ಔಷಧಿ ಅಂಗಡಿ ಇಟ್ಟಿದ್ದ ಅಧ್ಯಕ್ಷರು ತಮ್ಮ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಇವನ ಗಡಿಯಾರದ ಅಂಗಡಿಯಲ್ಲಿ ತಾವೇ ಕೂತು, ಬಂದವರ ವಾಚುಗಳನ್ನೆಲ್ಲ ಇಸಿದುಕೊಂಡು ಯಾವುದು ಯಾರದ್ದೆಂದು ಗೊತ್ತಾಗದಂತೆ ಕಲಸುಮೇಲೋಗರ ಮಾಡಿಟ್ಟಿದ್ದರು. ಅಂಥವರನ್ನು ಬಿಟ್ಟು ಹೋಗುವುದು ಹೇಗೆ? ಅವನಿಗೆ ಕ್ಲಬ್ಬು ಬೇಕು, ಕುರ್ಚಿ ಬೇಡ. ಅಷ್ಟೇ ಅವನ ಆಸೆ.

ಆ ಆಸೆ ಇವತ್ತು ಕೈಗೂಡುವುದರಲ್ಲಿತ್ತು. ಮರ ಕೊಯ್ಯುವ ಸಾಮಿಲ್ಲಿನ ಸಾಹುಕಾರರು ಕ್ಲಬ್ಬಿಗೆ ಸೇರಲು ಒಪ್ಪಿದ್ದರು. ಬೆಳಗ್ಗೆಯಿಂದ ಶಾಲೆಯ ಹಾಲಿನಲ್ಲಿ ಕಣ್ಣು ತಪಾಸಣೆ ಶಿಬಿರ. ಅದನ್ನು ಅವರು ನೋಡುವುದು. ಸಂಜೆ ಸಭೆಯಲ್ಲಿ ಅವರ ಅಂಗಿಗೆ ಕ್ಲಬ್ಬಿನ ಬ್ಯಾಡ್ಜು ಚುಚ್ಚುವುದು. ಚುಚ್ಚಿದ ಗಳಿಗೆಯಿಂದ ಗಡಿಯಾರದವನು ಹಳೆಯ ಸದಸ್ಯ.

"ಇವತ್ತಿಗೆ ಕೊನೆ ಕಣೇ" ಎಂದ ಅವನು, ಬೆಳಕು ಹರಿಯುವ ಮೊದಲೇ ಚಪ್ಪಲಿ ಮೆಟ್ಟುತ್ತ.

"ಆ ವಕೀಲರು ಬಂದಾಗಲೂ ಹೀಗೇ ಅಂದಿದ್ರಿ" ಎಂದಳು ಹೆಂಡತಿ.

ಅದು ಹಳೆಯ ಗಾಯ. ಸೇರುವುದಕ್ಕೆಂದು ಬಂದಿದ್ದ ವಕೀಲರು, ಬೆವರಿಳಿಸುತ್ತ ಕುರ್ಚಿ ಹೊರುತ್ತಿದ್ದ ಇವನನ್ನು ನೋಡಿ "ಈ ಕೂಲಿಯವನು ಪಾಪ, ಸುಸ್ತಾಗಿದ್ದಾನೆ" ಅಂದಿದ್ದರು. "ಕೂಲಿಯವರಲ್ಲ ಸಾರ್, ನಮ್ಮ ಸದಸ್ಯರು" ಎಂದು ಯಾರೋ ಹೆಮ್ಮೆಯಿಂದ ಹೇಳಿದರು. ವಕೀಲರಿಗೆ ಆ ಕ್ಷಣವೇ ಯಾವುದೋ ಕೇಸು ನೆನಪಾಯಿತು. ಹೋದವರು ಮತ್ತೆ ಈ ಕಡೆ ತಲೆ ಹಾಕಿ ಮಲಗಲಿಲ್ಲ.

"ಅದಕ್ಕೇ ಈ ಸಲ ಕತ್ತಲಲ್ಲೇ ಎಲ್ಲಾ ಜೋಡಿಸಿಬಿಡ್ತೀನಿ. ಸಾಹುಕಾರರು ಬರೋ ಹೊತ್ತಿಗೆ ಕುರ್ಚಿಗಳು ತಾವಾಗೇ ನಡ್ಕೊಂಡು ಬಂದು ಕೂತಿವೆ ಅನ್ನಿಸಬೇಕು."

"ಸಂಜೆ ನಾನೂ ಬರ್ತೀನಿ. ನಿಮ್ಮ ಬಿಡುಗಡೆ ಕಣ್ಣಾರೆ ನೋಡ್ಬೇಕು" ಎಂದು ಹೆಂಡತಿ ನಕ್ಕಳು.

ಕ್ಲಬ್ಬಿನ ಕೋಣೆಯಿಂದ ಶಾಲೆಗೆ ಒಂದು ಬೀದಿ ದೂರ. ಸೂರ್ಯ ಮೇಲೇರುವ ಹೊತ್ತಿಗೆ ಅವನು ಬಹುಪಾಲು ಕುರ್ಚಿ ಸಾಗಿಸಿದ್ದ. ಕೊನೆಯ ಗುಂಪನ್ನು ತಲೆಯ ಮೇಲೆ ಹೊತ್ತು ಶಾಲೆಯ ಅಂಗಳಕ್ಕೆ ಕಾಲಿಟ್ಟಾಗ ಹಿಂದೆ ಸ್ಕೂಟರ್ ಸದ್ದಾಯಿತು. ತಿರುಗಿ ನೋಡಿದರೆ ಸಾಹುಕಾರರು! ಅವರು ಸ್ಕೂಟರ್ ಮೇಲೆ ಕೂತರೆ ಸ್ಕೂಟರ್ ಕಾಣುತ್ತಿರಲಿಲ್ಲ. ಸಾಹುಕಾರರೇ ಸದ್ದು ಮಾಡುತ್ತ ಬರುತ್ತಿದ್ದಾರೆ ಅನ್ನಿಸುತ್ತಿತ್ತು.

ಗಡಿಯಾರದವನಿಗೆ ಜೀವ ಬಾಯಿಗೆ ಬಂತು. ಹೊತ್ತಿದ್ದನ್ನು ಧೊಪ್ಪನೆ ಇಳಿಸಿ, ಆ ಗುಂಪಿನ ಮೇಲೆಯೇ ಹತ್ತಿ ಕೂತುಬಿಟ್ಟ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

"ಸೇವೆ ಅಂದ್ಮೇಲೆ ಬೇಗ ಬರ್ಬೇಕಲ್ವಾ?" ಎಂದರು ಸಾಹುಕಾರರು. ಆಮೇಲೆ ಕತ್ತೆತ್ತಿ ಅವನನ್ನು ನೋಡಿದರು. "ಇದೇನ್ರೀ, ಅಷ್ಟು ಎತ್ತರದಲ್ಲಿ ಕೂತಿದ್ದೀರಿ?"

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಸಾರ್."

ಸಾಹುಕಾರರು ಹತ್ತಿರ ಬಂದು ಕುರ್ಚಿಯ ಕಾಲನ್ನು ಬೆರಳಿನಿಂದ ತಟ್ಟಿದರು, ಬಗ್ಗಿಸಿದರು, ಮೂಗು ಮುರಿದರು. "ಇದು ಕುರ್ಚಿನೋ, ರಟ್ಟಿನ ಡಬ್ಬಾನೋ? ಮನುಷ್ಯ ಕೂರೋ ವಸ್ತುಗೆ ಒಂದು ಗಾಂಭೀರ್ಯ ಬೇಡ್ವಾ?"

ಕುರ್ಚಿಯ ಮಾತೇ ಬೇಡವೆಂದು ಗಡಿಯಾರದವನು ಅವರನ್ನು ಚಹಾ ಕುಡಿಸುವ ನೆಪದಲ್ಲಿ ಬೀದಿಯ ತುದಿಗೆ ಕರೆದೊಯ್ದ. ಮರಳಿ ಬಂದ ಮೇಲೆ ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಕಂಬದ ಮರೆಗೆ ಎಳೆದು ಬೇಡಿಕೊಂಡ. "ಬ್ಯಾಡ್ಜು ಚುಚ್ಚೋವರೆಗೂ ಯಾರೂ ಕುರ್ಚಿ ಅನ್ನೋ ಮಾತೇ ಎತ್ತಬೇಡಿ. ನಿಮ್ಮ ದಮ್ಮಯ್ಯ."

"ಆಗ್ಲಪ್ಪ. ಆದ್ರೆ ನಾನು ಹೊಸಬನಾಗಿದ್ದಾಗ ಇವೆಲ್ಲ ಪ್ಲಾಸ್ಟಿಕ್ ಅಲ್ಲ, ಕಬ್ಬಿಣದ ಮಡಚೋ ಕುರ್ಚಿ..." ಎಂದು ಅಧ್ಯಕ್ಷರು ತಮ್ಮ ಹಳೆಯ ಪರಾಕ್ರಮ ಶುರುಮಾಡಿದರು. ಅವರು ಕುರ್ಚಿ ಹೊತ್ತದ್ದು ಒಂದೇ ಒಂದು ಬೇಸಿಗೆ. ಹೇಳುತ್ತ ಬಂದದ್ದು ಅರ್ಧ ಆಯಸ್ಸು.

ವಿಮಾ ಏಜೆಂಟರಾದ ಕಾರ್ಯದರ್ಶಿಯಂತೂ ಎದೆ ಮುಟ್ಟಿಕೊಂಡರು. "ನನ್ನ ಬಾಯಿಂದ ಒಂದಕ್ಷರ ಹೊರಗೆ ಬಂದ್ರೆ ಕೇಳಿ."

ಶಿಬಿರ ಜೋರಾಗಿಯೇ ನಡೆಯಿತು. ಅಜ್ಜ ಅಜ್ಜಿಯರು ಸಾಲುಗಟ್ಟಿದರು. ಬಹಳ ದಿನದಿಂದ ಸೂಜಿಗೆ ದಾರ ಪೋಣಿಸಲಾಗದೆ ಕೊರಗುತ್ತಿದ್ದ ಒಬ್ಬ ಅಜ್ಜಿ, ಕನ್ನಡಕ ಹಾಕಿಕೊಂಡವಳೇ ಅಲ್ಲಿದ್ದವರ ಅಂಗಿಗಳಲ್ಲಿ ಗುಂಡಿ ಕಿತ್ತುಹೋದದ್ದನ್ನೆಲ್ಲ ಗುರುತಿಸಿ ಬೈಯತೊಡಗಿದಳು. ಸಾಹುಕಾರರು ಅದನ್ನು ನೋಡಿ ಹೊಟ್ಟೆ ಕುಲುಕುವಂತೆ ನಕ್ಕರು. ಗಡಿಯಾರದವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಹಾಲಿನ ಆ ತುದಿಯಿಂದ ಅಧ್ಯಕ್ಷರು "ಏ ಕುರ್ಚಿ! ಇಲ್ಲಿ ಬಾರಪ್ಪ!" ಎಂದು ಕೂಗಿದರು.

"ನಿಮ್ಮನ್ನ ಯಾಕೆ ಕುರ್ಚಿ ಅಂತಾರೆ?" ಸಾಹುಕಾರರು ಕೇಳಿದರು.

"ಅದು... ಅಂಗಡೀಲಿ ಯಾವಾಗ್ಲೂ ಕೂತೇ ಇರ್ತೀನಲ್ಲ ಸಾರ್."

ಬೀಸುವ ದೊಣ್ಣೆ ತಪ್ಪಿತು. ಇನ್ನು ಇವರನ್ನು ಮಾತಿಗೆ ಸಿಗದ ಕಡೆ ಕೂರಿಸಬೇಕು ಎಂದುಕೊಂಡು ಅವನು, "ಬಂದಿದ್ದೀರಲ್ಲ, ನಿಮ್ಮ ಕಣ್ಣೂ ತೋರಿಸಿಬಿಡಿ ಸಾರ್" ಎಂದು ಡಾಕ್ಟರಮ್ಮನ ಮುಂದೆ ಬಿಟ್ಟ. ಆಕೆ ಸಾಹುಕಾರರ ಎರಡೂ ಕಣ್ಣಿಗೆ ಔಷಧಿ ಹನಿ ಹಾಕಿ, "ಸಂಜೆವರೆಗೂ ಎಲ್ಲಾ ಮಂಜು ಮಂಜಾಗಿ ಕಾಣುತ್ತೆ, ಸುಮ್ಮನೆ ಒಂದು ಕಡೆ ಕೂತಿರಿ" ಎಂದಳು.

ಗಡಿಯಾರದವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಕಣ್ಣೇ ಕಾಣದಿದ್ದರೆ ಕುರ್ಚಿ ಹೊರುವುದು ಎಲ್ಲಿ ಕಾಣಬೇಕು? ಕೈ ಹಿಡಿದು ಕರೆತಂದು ಒಂದು ಕುರ್ಚಿಯಲ್ಲಿ ಕೂರಿಸಿದ.

ಕುರ್ಚಿ ಒಂದು ಕ್ಷಣ ಯೋಚಿಸಿತು. ಆಮೇಲೆ ಅದರ ನಾಲ್ಕು ಕಾಲುಗಳೂ ನಾಲ್ಕು ದಿಕ್ಕು ಹಿಡಿದವು. ಫಟ್ ಎಂಬ ಸದ್ದಿಗೆ ಇಡೀ ಹಾಲು ಎದ್ದು ನಿಂತಿತು. ಸಾಹುಕಾರರು ನೆಲದ ಮೇಲೆ, ಎರಡೂ ಕೈಯಲ್ಲಿ ಕುರ್ಚಿಯ ಒಂದೊಂದು ತೋಳು ಹಿಡಿದು, ಇನ್ನೂ ಕೂತ ಭಂಗಿಯಲ್ಲೇ ಇದ್ದರು.

ನಾಲ್ಕು ಜನ ಸೇರಿ ಎತ್ತಿದರು. ಸಾಹುಕಾರರು ದೊಡ್ಡ ಮನುಷ್ಯರು. ಸೊಂಟ ಸವರಿಕೊಂಡು, "ನಾನು ಆಗ್ಲೇ ಹೇಳ್ಲಿಲ್ವಾ, ರಟ್ಟಿನ ಡಬ್ಬ ಅಂತ" ಎಂದು ನಕ್ಕುಬಿಟ್ಟರು. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಾರ್ಯದರ್ಶಿಗೆ ಸಮಾಧಾನದ ಮಾತು ಆಡದಿದ್ದರೆ ತಿಂದದ್ದು ಅರಗುವುದಿಲ್ಲ.

"ಯೋಚ್ನೆ ಮಾಡ್ಬೇಡಿ ಸಾರ್. ಸಂಜೆಯಿಂದ ಕುರ್ಚಿ ಹೊರೋರು ನೀವೇ ಅಲ್ವಾ? ಗಟ್ಟಿಯಾಗಿರೋದನ್ನ ನೋಡ್ಕೊಂಡು ನಿಮಗೆ ಅಂತ ಒಂದು ಎತ್ತಿಟ್ಕೊಳ್ಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹುಕಾರರ ನಗು ನಿಂತಿತು. "ಕುರ್ಚಿ ಹೊರೋದಾ? ಯಾರು?" ಎಂದು ಕೇಳಿದರು. ಕೇಳಿದ ಮೇಲೆ ಹೇಳದಿರುವುದು ಹೇಗೆಂದು ಕಾರ್ಯದರ್ಶಿ ಪದ್ಧತಿಯನ್ನು ಬುಡದಿಂದ ತುದಿಯವರೆಗೆ ಬಿಡಿಸಿ ಹೇಳಿದರು, ಗಡಿಯಾರದವನು ಎಷ್ಟು ವರ್ಷದಿಂದ ಹೊರುತ್ತಿದ್ದಾನೆ ಎಂಬುದನ್ನೂ ಸೇರಿಸಿ.

"ಕ್ಷಮಿಸಿ" ಎಂದರು ಸಾಹುಕಾರರು. "ನನ್ನ ಮಿಲ್ಲಿನಲ್ಲಿ ನಾನು ಒಂದು ಚಕ್ಕೆ ಎತ್ತಿದವನಲ್ಲ. ಈಗ ಸೊಂಟಾನೂ ಹೋಯ್ತು. ನಿಮ್ಮ ಬ್ಯಾಡ್ಜು ಬೇರೆ ಯಾರಿಗಾದ್ರೂ ಚುಚ್ಚಿ. ನಾನು ಬರ್ತೀನಿ."

ಹಾಗೆಂದು ಗಂಭೀರವಾಗಿ ಹೊರನಡೆದರು. ಕಣ್ಣು ಮಂಜಾಗಿದ್ದರಿಂದ ಹೊರಬಾಗಿಲೆಂದು ತಿಳಿದು ಪಕ್ಕದ ಪೊರಕೆ ಇಡುವ ಕೋಣೆಗೆ ಹೊಕ್ಕರು.

ಗಡಿಯಾರದವನೂ ಹಿಂದೆಯೇ ನುಗ್ಗಿದ. ಒಳಗೆ ಇಬ್ಬರಿಗೆ ನಿಲ್ಲಲು ಜಾಗವಿರಲಿಲ್ಲ, ಸಾಹುಕಾರರೊಬ್ಬರಿಗೇ ಇರಲಿಲ್ಲ. ಪೊರಕೆ, ಬಕೆಟ್ಟುಗಳ ನಡುವೆ ಅವರ ಕೈ ಹಿಡಿದುಕೊಂಡ. ಬಿಟ್ಟರೆ ಮತ್ತೆ ಸಿಗುವ ಕೈಯಲ್ಲ ಅದು.

"ಸಾರ್, ಕುರ್ಚಿ ಹೊರೋದು ಕಷ್ಟ ಅಂತ ನಿಮಗೆ ಯಾರು ಹೇಳಿದ್ದು?"

"ಹೇಳ್ಬೇಕೇನ್ರೀ? ವರ್ಷಗಟ್ಟಲೆ ಹೊತ್ತಿದ್ದೀರಂತೆ. ಬೇಜಾರಾಗಲ್ವಾ?"

"ಬೇಜಾರಾ! ಸಾರ್, ಅದೇ ನನ್ನ ಸಂತೋಷ. ದಿನಾ ಪೂರ್ತಿ ಒಬ್ಬನೇ ಕೂತು ಸಣ್ಣ ಸಣ್ಣ ಚಕ್ರ ನೋಡ್ತಿರ್ತೀನಿ. ಇಲ್ಲಿ ಬಂದು ಖಾಲಿ ಹಾಲಲ್ಲಿ ಒಂದೊಂದೇ ಕುರ್ಚಿ ಇಡ್ತೀನಿ. ಇಲ್ಲಿ ಮಂಡಿನೋವಿನ ಅಜ್ಜ ಕೂರ್ತಾನೆ, ಫ್ಯಾನಿನ ಕೆಳಗೆ ಬಸುರಿ ಹೆಂಗಸು ಯಾರಾದ್ರೂ ಬಂದ್ರೆ ಇರ್ಲಿ, ಅಂದ್ಕೊಳ್ತಾ ಇಡ್ತೀನಿ. ಅವರು ಬಂದು ಉಸ್ಸಪ್ಪಾ ಅಂತ ಕೂತಾಗ ನನ್ನ ಆಯಾಸಾನೂ ಇಳಿದುಹೋಗುತ್ತೆ."

ಹೇಳುತ್ತ ಹೇಳುತ್ತ ಅವನಿಗೇ ಆಶ್ಚರ್ಯವಾಯಿತು. ಇದರಲ್ಲಿ ಅರ್ಧ ನಿಜವೇ ಇತ್ತು. ಆ ಅರ್ಧಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಸಾಹುಕಾರರ ಮುಖ ಇನ್ನೂ ಪೂರ್ತಿ ಕರಗಿರಲಿಲ್ಲ.

"ಇವತ್ತು ಇದನ್ನ ನಿಮಗೆ ಬಿಟ್ಟುಕೊಡ್ಬೇಕಲ್ಲಾ ಅಂತ ರಾತ್ರಿ ನಿದ್ದೆ ಬಂದಿಲ್ಲ ಸಾರ್. ಈ ಕೈಗಡಿಯಾರದಾಣೆ!"

ಸಾಹುಕಾರರ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಅದು ಔಷಧಿಯದೋ ಅಂತಃಕರಣದ್ದೋ ಆ ಕತ್ತಲೆಯಲ್ಲಿ ತಿಳಿಯಲಿಲ್ಲ.

"ಇಂಥವರು ಇರೋ ಕಡೆ ನಾನು ಇರ್ಬೇಕು" ಎಂದರು ಅವರು, ಅವನ ಭುಜ ಹಿಡಿದು. "ಸೇರ್ತೀನಿ. ಈಗ ಬಾಗಿಲು ಎಲ್ಲಿದೆ ತೋರಿಸಿ."

ಸಂಜೆಯ ಸಭೆಗೆ ಹಾಲು ತುಂಬಿತ್ತು. ಹೆಂಡತಿ ಹಿಂದಿನ ಸಾಲಿನಲ್ಲಿ, ಕನ್ನಡಕದ ಅಜ್ಜಿಯ ಪಕ್ಕ ಕೂತಿದ್ದಳು. ಸಾಹುಕಾರರಿಗೆ ಮಾತ್ರ ಶಾಲೆಯ ಕಲ್ಲಿನ ಜಗಲಿಯ ಪಕ್ಕದ ಮರದ ಬೆಂಚನ್ನು ಒಳಗೆ ತಂದಿದ್ದರು. ಅಧ್ಯಕ್ಷರು ಅವರ ಅಂಗಿಗೆ ಬ್ಯಾಡ್ಜು ಚುಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಡಿಯಾರದವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಇಷ್ಟು ವರ್ಷದ ಮೇಲೆ ಸಭೆ ಮುಗಿದಾಗ ಕೈ ಬೀಸಿಕೊಂಡು ಮನೆಗೆ ಹೋಗಬಹುದು. ಅದೂ ಹೆಂಡತಿಯ ಜೊತೆ, ಬೀದಿ ದೀಪ ಹತ್ತುವ ಹೊತ್ತಿಗೆ.

ಸಾಹುಕಾರರು ಮಾತಾಡಲು ಎದ್ದರು.

"ಇಲ್ಲಿಯ ಪದ್ಧತಿ ಪ್ರಕಾರ ಇವತ್ತಿಂದ ಕುರ್ಚಿ ನಾನು ಹೊರ್ಬೇಕು. ನಾನು ಸಿದ್ಧ. ಸೊಂಟ ಹೋದ್ರೆ ಹೋಗ್ಲಿ." ಚಪ್ಪಾಳೆ. "ಆದ್ರೆ ಬೆಳಗ್ಗೆ ಒಬ್ಬ ಮಹಾನುಭಾವರು ಪೊರಕೆ ಕೋಣೇಲಿ ನನ್ನ ಕಣ್ಣು ತೆರೆಸಿದ್ರು. ಡಾಕ್ಟರಮ್ಮ ಮಂಜು ಮಾಡಿದ ಕಣ್ಣನ್ನ ಅವರು ತೆರೆಸಿದ್ರು. ಕುರ್ಚಿ ಅವರ ಸಂತೋಷವಂತೆ, ಅವರ ಉಸಿರಂತೆ. ಅದು ಕೈತಪ್ಪುತ್ತೆ ಅಂತ ಆ ಮನುಷ್ಯ ನಿದ್ದೆ ಮಾಡಿಲ್ಲ! ಅಂಥವರ ಬಾಯಿಂದ ತುತ್ತು ಕಿತ್ಕೊಳ್ಳೋ ಪಾಪ ನಾನು ಮಾಡಲಾರೆ. ಈ ಕ್ಲಬ್ಬು ಇರೋವರೆಗೂ, ನನ್ನಂಥ ಎಷ್ಟು ಜನ ಹೊಸಬರು ಬಂದ್ರೂ, ಕುರ್ಚಿ ಅವರ ಕೈಯಲ್ಲೇ ಇರ್ಬೇಕು ಅಂತ ನನ್ನ ಪ್ರಾರ್ಥನೆ!"

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಅನುಮೋದಿಸಿದೆ!" ಎಂದು ಕೂಗಿದರು. ಕಾರ್ಯದರ್ಶಿ ಗಡಿಯಾರದವನನ್ನು ಎಳೆದುಕೊಂಡು ಬಂದು ವೇದಿಕೆಯ ಮೇಲೆ ನಿಲ್ಲಿಸಿದರು. ಅವನು ಇಂಗು ತಿಂದ ಮಂಗನಂತೆ ನಿಂತ. ಆದರೂ ಅಷ್ಟು ಜನ ತನಗಾಗಿ ಎದ್ದು ನಿಂತದ್ದು ಹುಟ್ಟಿದ ಮೇಲೆ ಇದೇ ಮೊದಲು. ಎದೆಯೊಳಗೆ ಎಲ್ಲೋ ಒಂದು ಮೂಲೆ, ನಾಚಿಕೆಯಿಲ್ಲದೆ, ಹಿಗ್ಗಿತು.

"ಇನ್ನೊಂದು ಮಾತು" ಎಂದರು ಸಾಹುಕಾರರು. "ಇಂಥ ಕೈಗೆ ಈ ರಟ್ಟಿನ ಡಬ್ಬ ಶೋಭಿಸಲ್ಲ. ನನ್ನ ಮಿಲ್ಲಿಂದ ಕ್ಲಬ್ಬಿಗೆ ಪೂರಾ ಹೊಸ ಕುರ್ಚಿ. ಮರದ್ದು. ಒಂದೊಂದೂ ಆನೆ ಕೂತ್ರೂ ಅಲ್ಲಾಡಬಾರ್ದು, ಅಂಥ ಗಟ್ಟಿ ಮರ!"

ಚಪ್ಪಾಳೆ ಮುಗಿಲು ಮುಟ್ಟಿತು. ಹಿಗ್ಗಿದ್ದ ಆ ಮೂಲೆ ಸದ್ದಿಲ್ಲದೆ ಕುಗ್ಗಿತು.

ಸಭೆ ಮುಗಿಯಿತು. ಎಲ್ಲರೂ ಅವನ ಕೈ ಕುಲುಕಿ, ಬೆನ್ನು ತಟ್ಟಿ, ಒಬ್ಬೊಬ್ಬರಾಗಿ ಹೊರಟರು. ಹಾಲಿನಲ್ಲಿ ಉಳಿದದ್ದು ಅವನು, ಹೆಂಡತಿ, ಸಾಲು ಸಾಲು ಕುರ್ಚಿ. ಹೆಂಡತಿ ಸೆರಗು ಸಿಕ್ಕಿಸಿ ಹತ್ತಿರ ಬಂದಳು.

"ಪೊರಕೆ ಕೋಣೇಲಿ ಏನ್ರೀ ಹೇಳಿದ್ರಿ?"

"ಏನೋ ಬಾಯಿಗೆ ಬಂದಿದ್ದು ಹೇಳ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ, ಪಾಪವೂ ಅನ್ನಿಸಿತು. "ಹೋಗ್ಲಿ ಬಿಡಿ, ಇಬ್ರೂ ಸೇರಿ ಹೊತ್ರೆ ಬೇಗ ಮುಗಿಯುತ್ತೆ" ಎಂದು ಒಂದು ಕುರ್ಚಿ ಎತ್ತಿದಳು.

ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಸಾಹುಕಾರರಿಗೆ ಆ ಹೊತ್ತಿಗೆ ಕಣ್ಣು ಸರಿಯಾಗಿ ಕಾಣಲು ಶುರುವಾಗಿತ್ತು. "ಅಯ್ಯೋ, ಇಳಿಸಿಬಿಡಮ್ಮಾ, ಇಳಿಸು!" ಎಂದು ಗಾಬರಿಯಿಂದ ಕೂಗಿದರು. "ಹೆಂಡತಿಯಾದವಳು ನೀನೇ ಗಂಡನ ಸಂತೋಷಕ್ಕೆ ಕೈ ಹಾಕಬಹುದಾ?"

ಅವಳು ಕುರ್ಚಿಯನ್ನು ಮೆಲ್ಲಗೆ ಗಂಡನ ಕೈಗಿಟ್ಟಳು.

"ತಗೊಳ್ಳಿ, ನಿಮ್ಮ ಸಂತೋಷ."