ಕಡ ತಂದ ಗುಳಿಗೆ, ಮೊಮ್ಮಗಳ ಕಂಪನಿ

ಕಷ್ಟ ಬಂದಾಗ ಸುಳ್ಳು ಹೇಳುವವರನ್ನು ನೀವೂ ನೋಡಿರುತ್ತೀರಿ. ನಾನು ಖುಷಿ ಹೆಚ್ಚಾದಾಗ ಹೇಳುವವಳು. ನನ್ನ ಮೊಮ್ಮಗಳು ವೀಣಾ ಕೊಟ್ಟೂರಿನಲ್ಲಿ ಕಂಪನಿ ತೆರೆದಾಗಿನಿಂದ ನನ್ನ ಬಾಯಿ ನನ್ನ ಹಿಡಿತದಲ್ಲಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಎರಡು ಲ್ಯಾಪ್‌ಟಾಪು, ಅವಳು, ಅವಳ ಗೆಳತಿ, ಇಷ್ಟೇ ಕಂಪನಿ. ಸಂಜೆ ಇಬ್ಬರೂ ರೊಟ್ಟಿ ಬಡಿದು ಎದ್ದವರಂತೆ ಮೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಇಳಿಯುತ್ತಾರೆ. ಇದಕ್ಕೆ ಸ್ಟಾರ್ಟಪ್ ಎನ್ನಬೇಕಂತೆ. ಓಣಿಯವರಿಗೆ ನಾನು ಮೂರು ಮಹಡಿಯ ಕಂಪನಿ ಎಂದು ಹೇಳಿದ್ದೇನೆ. ಕೆಳಗೆ ಗಿರಣಿ, ನಡುವೆ ಕೋಣೆ, ಮೇಲೆ ಮಾಳಿಗೆ, ಎಣಿಸಿದರೆ ಮೂರೇ.

ಅವಳು ಮಾಡಿದ್ದು ಡಾಕ್ಟರ ಫೋನಿಗೆ ಹಾಕುವಂಥದ್ದು. ಹೊಸ ಗುಳಿಗೆ ಬರೆಯುವ ಮೊದಲು, ರೋಗಿ ಈಗಾಗಲೇ ನುಂಗುತ್ತಿರುವುದನ್ನೆಲ್ಲ ಅದರಲ್ಲಿ ತುಂಬಬೇಕು. ಒಂದಕ್ಕೊಂದು ಆಗಿಬರದಿದ್ದರೆ ಕೆಂಪು, ಆಗಿಬಂದರೆ ಹಸಿರು. ಮದುವೆಗೆ ಮುಂಚೆಯೂ ಇಂಥದ್ದೊಂದು ಇರಬೇಕಿತ್ತು. ನನ್ನನ್ನೂ ನನ್ನ ಅತ್ತೆಯನ್ನೂ ಒಟ್ಟಿಗೆ ತುಂಬಿದ್ದರೆ ಫೋನೇ ಹೊತ್ತಿ ಉರಿಯುತ್ತಿತ್ತು.

ಆದರೆ ಒಪ್ಪುವ ಡಾಕ್ಟರು ಬೇಕಲ್ಲ. ಕೂಡ್ಲಿಗಿಯಲ್ಲಿ ಒಬ್ಬರು ಅವಳ ಮುಂದೆಯೇ ಆಕಳಿಸಿದರು. ಹಡಗಲಿಯಲ್ಲಿ ಒಬ್ಬರು, ‘ಅದಿರಲಿ, ಮದಿವಿ ಯಾವಾಗ ಮಾಡ್ಕೋತಿಯವ್ವಾ’ ಎಂದು ಕೇಳಿ ಕಳಿಸಿದರು. ಉಳಿದವರು ಹಗರಿಬೊಮ್ಮನಹಳ್ಳಿಯ ಡಾಕ್ಟರು, ನನಗೆ ಗುಳಿಗೆ ಬರೆದುಕೊಡುವವರೂ ಅವರೇ. ಅವರೂ ಒಲ್ಲೆ ಎಂದರೆ ಕೋಣೆಗೆ ಬೀಗ ಎಂದು ಗೆಳತಿಯರಿಬ್ಬರೂ ಮಾತಾಡಿಕೊಂಡಿದ್ದರು. ತೋರಿಸಲು ಒಬ್ಬ ರೋಗಿ ಬೇಕಿತ್ತು. ನನಗೆ ಬಿ.ಪಿ. ಇದೆ, ಶುಗರ್ ಇದೆ, ಮೊಣಕಾಲು ನೋವಿದೆ, ಒಂದು ತಿಂಗಳಿನಿಂದ ಎದ್ದು ನಿಂತರೆ ತಲೆ ಗಿರ್ರೆನ್ನುತ್ತದೆ. ‘ನಿನ್ನಂಥ ಪೇಷೆಂಟು ಐದು ತಾಲೂಕಿನಾಗ ಸಿಗಂಗಿಲ್ಲಜ್ಜಿ’ ಎಂದಳು ವೀಣಾ. ಹೊಗಳಿದಳೆಂದು ಹೊಸ ಸೀರೆ ಉಟ್ಟೆ.

ಇಲ್ಲಿ ನಮ್ಮ ಓಣಿಯ ಸಂಗತಿಯೊಂದನ್ನು ಹೇಳಬೇಕು. ನಾವು ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟೇ ಸಲೀಸಾಗಿ ಗುಳಿಗೆ ಕೇಳುತ್ತೇವೆ. ಕಟ್ಟೆಯ ಮೇಲೆ ಕೂತು, ‘ನಿನ್ನ ಗುಲಾಬಿ ಬಣ್ಣದ್ದು ಕೊಡವ್ವಾ, ನನ್ನ ಬಿಳೀವು ಒಯ್ಯಿ’ ಎನ್ನುತ್ತೇವೆ. ಪಕ್ಕದ ಮನೆಯ ಗಂಗಮ್ಮನ ಗುಲಾಬಿ ಗುಳಿಗೆ ಹರಪನಹಳ್ಳಿಯ ಡಾಕ್ಟರು ಬರೆದದ್ದು. ದೂರದಿಂದ ಬಂದದ್ದಕ್ಕೆ ಗುಣ ಜಾಸ್ತಿ ಎಂದು ನನ್ನ ನಂಬಿಕೆ, ಅದಕ್ಕೇ ಕೊಟ್ಟು ಉಳಿದ ನನ್ನ ಬಿ.ಪಿ.ಯ ಬಿಳಿ ಗುಳಿಗೆಯ ಜೊತೆ ಅದನ್ನೂ ನುಂಗುತ್ತಿದ್ದೆ. ಅವಳ ಮೊಣಕಾಲಿನ ಗುಳಿಗೆಗೂ ನನ್ನ ಎಲೆಅಡಿಕೆ ಚೀಲದಲ್ಲಿ ಒಂದು ಮೂಲೆ ಉಂಟು.

ಹಗರಿಬೊಮ್ಮನಹಳ್ಳಿಗೆ ಹೋದೆವು. ‘ಅಜ್ಜೀ, ಏನೇನು ಗುಳಿಗಿ ತಗೊಳ್ತೀರಿ?’ ಎಂದು ಡಾಕ್ಟರು ಕೇಳಿದರು. ನಾನು ಓದಿದ್ದು ಮೂರನೇ ಕ್ಲಾಸು. ಅಷ್ಟರಲ್ಲಿ ಕಲಿತದ್ದು ಒಂದೇ, ಕೆಂಪು ಬಂದರೆ ಫೇಲು. ಮೊಮ್ಮಗಳು ಫೇಲಾಗಬಾರದು.

‘ಬಿ.ಪಿ.ದೊಂದು, ಶುಗರಿನದೊಂದು. ನೀವು ಬರಕೊಟ್ಟದ್ದು ಬಿಟ್ರ ಬ್ಯಾರೆ ಮುಟ್ಟಂಗಿಲ್ರಿ’ ಎಂದೆ.

ಫೋನು ಹಚ್ಚಹಸಿರಾಯಿತು. ಗೆದ್ದವಳಂತೆ ವೀಣಾಳ ಕಡೆ ನೋಡಿದೆ. ಅವಳ ಮುಖ ಬಾಡಿತ್ತು.

‘ಇಷ್ಟು ಹೇಳಾಕ ಫೋನ್ ಯಾಕ ಬೇಕವ್ವಾ?’ ಎಂದು ಡಾಕ್ಟರು ನಕ್ಕರು. ನನ್ನ ತಲೆ ತಿರುಗುವುದಕ್ಕೆ ಇನ್ನೊಂದು ಗುಳಿಗೆ ಬರೆಯಲು ಪೆನ್ನು ಎತ್ತಿಕೊಂಡರು. ವೀಣಾ ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದಳು.

‘ಹಸರು ಬಂದೈತಲ್ಲ, ಪಾಸಾದಿ. ಅಳು ಮಾರಿ ಯಾಕ?’ ಎಂದು ಅವಳ ಕಿವಿಯಲ್ಲಿ ಕೇಳಿದೆ.

‘ತಪ್ಪು ಹಿಡಿಯೋದ ಇದರ ಕೆಲಸ ಅಜ್ಜಿ. ತಪ್ಪ ಇಲ್ಲಂದ್ರ ಏನ್ ತೋರಸ್ಲಿ?’

‘ಮೊದಲ ಹೇಳಬಾರದೇನ, ಹುಚ್ಚಿ’ ಎಂದವಳೇ ಎಲೆಅಡಿಕೆ ಚೀಲವನ್ನು ಡಾಕ್ಟರ ಮೇಜಿನ ಮೇಲೆ ಸುರಿದೆ. ಸುಣ್ಣದ ಡಬ್ಬಿಯ ಹಿಂದೆಯೇ ಗಂಗಮ್ಮನ ಗುಳಿಗೆಗಳೆಲ್ಲ ಬಿದ್ದವು. ವೀಣಾ ಒಂದೊಂದು ಪಟ್ಟಿಯ ಮೇಲಿನ ಹೆಸರು ಓದಿ ಫೋನಿಗೆ ತುಂಬಿದಳು.

ಕುಂಕುಮದ ಭರಣಿ ಉರುಳಿದಂತೆ ಫೋನು ಕೆಂಪಾಯಿತು. ಗಂಗಮ್ಮನ ಗುಲಾಬಿಗೂ ನನ್ನ ಬಿಳಿಗೂ ಹೆಸರಷ್ಟೇ ಬೇರೆ, ಒಳಗೆ ಒಂದೇ ಔಷಧಿ. ಒಬ್ಬಳೇ ಇಬ್ಬರ ಪಾಲು ನುಂಗಿದರೆ ತಲೆ ತಿರುಗದೆ ಇನ್ನೇನಾದೀತು? ಮೊಣಕಾಲಿನದಂತೂ ಇವುಗಳ ಜೊತೆ ಸೇರಿ ಕಿಡ್ನಿಗೇ ಕೈ ಹಾಕುವಂಥದ್ದಂತೆ. ಡಾಕ್ಟರು ಪೆನ್ನು ಕೆಳಗಿಟ್ಟರು.

‘ಇವನ್ನ ಕೊಟ್ಟಾಕಿ ಈಗ ಏನ್ ನುಂಗಾಕತ್ಯಾಳ?’

‘ನನ್ನವ್ರೀ.’

‘ನಾಳೆ ಆಕಿನ್ನೂ ಕರಕೊಂಡು ಬರ್ರಿ’ ಎಂದು ನನಗೆ ಹೇಳಿ, ವೀಣಾಳಿಗೆ, ‘ನನ್ನ ಫೋನಿಗೂ ಇದನ್ನ ಹಾಕಿಕೊಡವ್ವಾ’ ಎಂದರು.

ಗಂಗಮ್ಮ ಬಂದಳು. ಅವಳು ಯಾರಿಗೆ ಕೊಟ್ಟಿದ್ದಳು, ಅವರು ಯಾರಿಗೆ ಕೊಟ್ಟರು ಎಂದು ಹೆಸರು ಬಿಚ್ಚುತ್ತಾ ಹೋಗಿ ನಮ್ಮ ಓಣಿಯೇ ಬಸ್ಸು ಹತ್ತಿತು. ಕೆಂಪು ನೋಡಿ ನೋಡಿ ಡಾಕ್ಟರು ತಮ್ಮ ಗೆಳೆಯರಿಗೂ ಹೇಳಿದರು. ಕಂಪನಿ ಬೆಳೆಯಲು ಏನೇನು ಬೇಕೆಂದು ವೀಣಾ ಎಷ್ಟೋ ಓದಿಕೊಂಡಿದ್ದಳು. ಇಷ್ಟು ತಪ್ಪು ಮಾಡುವ ಓಣಿಯೊಂದಿದ್ದರೆ ಸಾಕೆಂದು ಅದರಲ್ಲೆಲ್ಲೂ ಬರೆದಿರಲಿಲ್ಲವಂತೆ.

ಈಗ ನನ್ನ ತಲೆ ನೆಟ್ಟಗಿದೆ. ಡಾಕ್ಟರ ಮುಂದೆ ತನ್ನ ಹೆಸರು ಹೇಳಿದೆನೆಂದು ಗಂಗಮ್ಮ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಂಪನಿ ಗೆದ್ದ ಖುಷಿಗೆ, ಅವಳನ್ನೂ ಸಮಾಧಾನ ಮಾಡಿದಂತಾಯಿತೆಂದು ಮೊನ್ನೆ ಓಣಿಗೆಲ್ಲ ಪೇಡೆ ಹಂಚಿದೆ. ಹಂಚುವವಳು ರುಚಿ ನೋಡದಿದ್ದರೆ ಹೇಗೆ? ನಾಲ್ಕು ನೋಡಿದೆ. ಸಂಜೆ ವೀಣಾ ಫೋನು ಹಿಡಿದು ಎದುರಿಗೆ ಕೂತು, ‘ಇವತ್ತು ಏನೇನ್ ಗುಳಿಗಿ ತಗೊಂಡಿ, ಖರೇ ಹೇಳಜ್ಜಿ’ ಎಂದಳು. ಅವಳು ಕೇಳಿದ್ದು ಗುಳಿಗೆಯನ್ನಷ್ಟೆ. ಒಂದೂ ಬಿಡದೆ ಸತ್ಯವನ್ನೇ ಹೇಳಿದೆ.